ಸಿಂಧೂತೀರದ ಮನುಷ್ಯ: ಡಾಂಟೆಯ ಮಹಾಕಾವ್ಯದಲ್ಲಿ ದೀಕ್ಷಾಸ್ನಾನ ಮತ್ತು ರಕ್ಷಣೆಯ ಪ್ರಶ್ನೆ

ಕ್ರೈಸ್ತ ಧರ್ಮದಲ್ಲಿ ರಕ್ಷಣೆ ಪಡೆಯಲು ದೀಕ್ಷಾಸ್ನಾನ ಅನಿವಾರ್ಯವೇ ಎಂಬ ಪ್ರಶ್ನೆಯನ್ನು ದೇವತಾಶಾಸ್ತ್ರದ ವಿದ್ಯಾರ್ಥಿಗಳಿಗೆ ಬಿಟ್ಟುಕೊಡುವುದು ನಮ್ಮಲ್ಲಿ ರೂಢಿ. ಸಾಹಿತ್ಯದ ಅಭ್ಯಾಸಿಗಳು ಅದನ್ನು ಕೈಗೆತ್ತಿಕೊಳ್ಳುವುದು ವಿರಳ. ಆದರೆ ಈ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ಕೇಳಿದ ಕೃತಿಗಳಲ್ಲೊಂದು ಕಾವ್ಯವೇ ಆಗಿದೆ. ಇಟಲಿಯ ಮಹಾಕವಿ ಡಾಂಟೆ (1265-1321) ತನ್ನ ‘ಡಿವೈನ್ ಕಾಮೆಡಿ’ಯ ಮೂರನೆಯ ಭಾಗವಾದ ‘ಪ್ಯಾರಡೈಸೊ’ದ ಹತ್ತೊಂಬತ್ತನೆಯ ಸರ್ಗದಲ್ಲಿ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳುತ್ತಾನೆ. ಆತ ಹುಟ್ಟಿದ್ದು ಸಿಂಧೂ ನದಿಯ ದಡದಲ್ಲಿ. ಅಲ್ಲಿ ಕ್ರಿಸ್ತನ ವಿಷಯವನ್ನು ಹೇಳುವವರಿಲ್ಲ, ಓದುವವರಿಲ್ಲ, ಬರೆಯುವವರಿಲ್ಲ. ಮನುಷ್ಯಬುದ್ಧಿಗೆ ಕಾಣುವಷ್ಟರ ಮಟ್ಟಿಗೆ ಆತನ ನಡೆ, ನುಡಿ, ಬಯಕೆ ಎಲ್ಲವೂ ಶುದ್ಧ. ದೀಕ್ಷಾಸ್ನಾನವಿಲ್ಲದೆ, ವಿಶ್ವಾಸವಿಲ್ಲದೆ ಅವನು ಸಾಯುತ್ತಾನೆ. ಅವನನ್ನು ದಂಡಿಸುವ ನ್ಯಾಯ ಯಾವುದು? ಅವನ ತಪ್ಪಾದರೂ ಏನು? ಈ ಪ್ರಶ್ನೆಯನ್ನೂ ಅದಕ್ಕೆ ಕಾವ್ಯವು ಕೊಡುವ, ಕೊಡದಿರುವ ಉತ್ತರಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದಗಳ ಬಗ್ಗೆ ಒಂದು ಮಾತು. ಮೂಲ ಗ್ರೀಕ್ ಪದಕ್ಕೆ ಅದ್ದುವುದು, ಮುಳುಗಿಸುವುದು ಎಂಬಷ್ಟೇ ಅರ್ಥ. ಕನ್ನಡಕ್ಕೆ ಬಂದಾಗ ಅದು ‘ದೀಕ್ಷಾಸ್ನಾನ’ವಾಯಿತು, ಕಥೋಲಿಕ ಬಳಕೆಯಲ್ಲಿ ‘ಸ್ನಾನದೀಕ್ಷೆ’, ‘ಜ್ಞಾನಸ್ನಾನ’ ಎಂಬ ರೂಪಗಳೂ ಇವೆ. ಮೂಲಪದದಲ್ಲಿ ದೀಕ್ಷೆಯೂ ಇಲ್ಲ, ಜ್ಞಾನವೂ ಇಲ್ಲ. ಇರುವುದು ನೀರು ಮಾತ್ರ. ‘ದೀಕ್ಷೆ’ ಎಂದ ಅನುವಾದಕ ಅದನ್ನು ಒಂದು ಸಮುದಾಯದೊಳಗಿನ ಪ್ರವೇಶವೆಂದು ಬಗೆದ. ‘ಜ್ಞಾನ’ ಎಂದವನು ಒಳಗಿನ ಪರಿವರ್ತನೆಯೆಂದು ತಿಳಿದ. ನಮ್ಮ ಚರ್ಚೆಯ ಎರಡು ಪಕ್ಷಗಳು ಈ ಅನುವಾದಗಳಲ್ಲಿಯೇ ಅಡಗಿ ಕುಳಿತಿವೆ. ಅಂತೆಯೇ ‘ರಕ್ಷಣೆ’ ಅಥವಾ ‘ಜೀವೋದ್ಧಾರ’ ಎಂದಲ್ಲಿ ‘ಮೋಕ್ಷ’ ಎಂದು ಓದಿಕೊಳ್ಳುವುದು ಅಪಾಯಕರ. ಮೋಕ್ಷವು ಜನ್ಮಾಂತರಗಳನ್ನು ದಾಟಿ ದೊರಕಬಹುದಾದದ್ದು, ಅದಕ್ಕೆ ಕಾಯಲು ಕಾಲವಿದೆ. ಡಾಂಟೆಯ ಲೋಕದಲ್ಲಿ ಮನುಷ್ಯನಿಗೆ ಒಂದೇ ಬದುಕು, ಒಂದೇ ಸಾವು, ಅನಂತರ ಬದಲಾಗದ ತೀರ್ಪು. ಪ್ರಶ್ನೆಯ ಉರಿ ಇರುವುದು ಇಲ್ಲಿ.

ಬೈಬಲ್ಲಿನ ಆಧಾರಗಳು ಒಂದೇ ದಿಕ್ಕಿಗೆ ಮುಖ ಮಾಡಿಲ್ಲ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸು ನಿಕೊದೇಮನಿಗೆ, ನೀರಿನಿಂದಲೂ ಆತ್ಮನಿಂದಲೂ ಹುಟ್ಟದವನಿಗೆ ದೇವರ ರಾಜ್ಯದ ಪ್ರವೇಶವಿಲ್ಲವೆಂದು ತಿಳಿಸುತ್ತಾನೆ. ಅನಿವಾರ್ಯತೆಯ ವಾದಕ್ಕೆ ಇದೇ ಮುಖ್ಯ ಬುನಾದಿ. ಮಾರ್ಕನ ಕೊನೆಯ ಅಧ್ಯಾಯದಲ್ಲಿ ರಕ್ಷಣೆಗೆ ನಂಬಿಕೆ, ದೀಕ್ಷಾಸ್ನಾನ ಎರಡನ್ನೂ ಹೇಳಿ, ದಂಡನೆಯ ಮಾತು ಬಂದಾಗ ನಂಬದಿರುವುದನ್ನು ಮಾತ್ರ ಹೇಳಲಾಗಿದೆ. ಆ ಭಾಗವಾದರೋ ನಾಲ್ಕನೆಯ ಶತಮಾನದ ಪ್ರಸಿದ್ಧ ಹಸ್ತಪ್ರತಿಗಳಾದ ವ್ಯಾಟಿಕಾನಸ್ ಮತ್ತು ಸಿನೈಟಿಕಸ್‌ಗಳಲ್ಲಿ ಇಲ್ಲವೇ ಇಲ್ಲ. ಲೂಕನ ಸುವಾರ್ತೆಯಲ್ಲಿ ಯೇಸುವಿನೊಂದಿಗೆ ಶಿಲುಬೆಗೇರಿದ ಅಪರಾಧಿಗೆ ನೀರು ಸೋಕದೆಯೇ ಪರದೈಸು ದೊರಕುತ್ತದೆ. ಅಪೊಸ್ತಲರ ಕೃತ್ಯಗಳು ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಕೊರ್ನೇಲ್ಯನ ಮನೆಯವರ ಮೇಲೆ ಪವಿತ್ರಾತ್ಮ ಮೊದಲು ಇಳಿದು, ಸ್ನಾನ ಆಮೇಲೆ ನಡೆಯುತ್ತದೆ.

ಸಭೆಯ ಹಿರಿಯರು ಈ ಬಿರುಕನ್ನು ಬಲ್ಲವರಾಗಿದ್ದರು. ಸ್ನಾನಕ್ಕೆ ಮುಂಚೆಯೇ ಧರ್ಮಕ್ಕಾಗಿ ಪ್ರಾಣ ಕೊಟ್ಟವರಿಗೆ ರಕ್ತವೇ ಸ್ನಾನ ಎಂಬ ವಿಚಾರ ಕ್ರಿ.ಶ. 200ರ ಸುಮಾರಿಗೆ ತೆರ್ತುಲಿಯನ್ ಬರೆದ ಗ್ರಂಥದಲ್ಲಿಯೇ ಇದೆ. 392ರಲ್ಲಿ ಸ್ನಾನ ಪಡೆಯುವ ಮುನ್ನವೇ ಮಡಿದ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್‌ನ ಕುರಿತು ಶ್ರದ್ಧಾಂಜಲಿ ಭಾಷಣ ಮಾಡಿದ ಮಿಲಾನಿನ ಬಿಷಪ್ ಆಂಬ್ರೋಸ್, ಆತ ಬಯಸಿದ್ದೇ ಅವನಿಗೆ ಸಾಕಾಯಿತೆಂಬ ಸಮಾಧಾನವನ್ನು ಮುಂದಿಟ್ಟ. ಅದೇ ಆಂಬ್ರೋಸನಿಂದ 387ರಲ್ಲಿ ಸ್ನಾನ ಪಡೆದ ಅಗಸ್ಟೀನನೂ ಶಿಲುಬೆಯ ಮೇಲಿನ ಅಪರಾಧಿಯ ಉದಾಹರಣೆಯನ್ನು ಒಪ್ಪಿದವನೇ. ಆದರೆ ಪೆಲೇಜಿಯಸ್‌ನ ಅನುಯಾಯಿಗಳೊಡನೆ ವಾದಕ್ಕಿಳಿದಾಗ ಸ್ನಾನವಿಲ್ಲದೆ ಸತ್ತ ಶಿಶುಗಳಿಗೂ ದಂಡನೆ ತಪ್ಪದು, ಅದು ಅತ್ಯಂತ ಸೌಮ್ಯವಾದ ದಂಡನೆ ಎಂಬಲ್ಲಿಗೆ ಅವನು ಬಂದು ನಿಂತ. ಶಿಶು ಬಯಸಲಾರದು, ಆದ್ದರಿಂದ ‘ಬಯಕೆಯ ಸ್ನಾನ’ ಎಂಬ ರಿಯಾಯಿತಿ ಅದನ್ನು ಮುಟ್ಟದು. ಹೆಸರನ್ನೇ ಕೇಳದವನೂ ಬಯಸಲಾರ. ಹೀಗೆ ಎಲ್ಲ ಹೊರದಾರಿಗಳನ್ನು ತೆರೆದ ಮೇಲೂ ಇಬ್ಬರು ಒಳಗೆ ಉಳಿದುಬಿಡುತ್ತಾರೆ: ಶಿಶು ಮತ್ತು ದೂರದೇಶದವನು.

ಶಿಶುವಿಗಾಗಿ ಮಧ್ಯಯುಗದ ಪಂಡಿತರು ‘ಲಿಂಬೊ’ ಎಂಬ ಅಂಚಿನ ಲೋಕವನ್ನು ರೂಪಿಸಿದರು. ಅಲ್ಲಿ ನೋವಿಲ್ಲ, ದೈವದರ್ಶನವೂ ಇಲ್ಲ. ದೂರದೇಶದವನ ವಿಷಯದಲ್ಲಿ ಥಾಮಸ್ ಅಕ್ವಿನಾಸ್ ಒಂದು ಉದಾಹರಣೆ ಎತ್ತಿಕೊಳ್ಳುತ್ತಾನೆ: ಕಾಡಿನಲ್ಲಿ, ಮೃಗಗಳ ನಡುವೆ ಬೆಳೆದ ಮನುಷ್ಯ. ಅವನು ಸಹಜ ಬುದ್ಧಿ ತೋರಿದಂತೆ ಒಳಿತನ್ನು ಅರಸಿದರೆ ದೇವರು ಅವನಿಗೆ ಅಂತರಂಗದಲ್ಲಿ ತಿಳಿಸುತ್ತಾನೆ, ಇಲ್ಲವೇ ಕೊರ್ನೇಲ್ಯನ ಬಳಿಗೆ ಪೇತ್ರನನ್ನು ಕಳುಹಿಸಿದಂತೆ ಒಬ್ಬ ಬೋಧಕನನ್ನು ಕಳುಹಿಸುತ್ತಾನೆ ಎಂಬುದು ಅಕ್ವಿನಾಸನ ಉತ್ತರ. ಅಕ್ವಿನಾಸ್ ತೀರಿಕೊಂಡದ್ದು 1274ರಲ್ಲಿ, ಡಾಂಟೆಗೆ ಆಗ ಒಂಬತ್ತರ ಆಸುಪಾಸಿನ ವಯಸ್ಸು. ಕಾವ್ಯ ಬರೆಯುವ ವೇಳೆಗೆ ಕವಿಯ ಕೈಯಲ್ಲಿ ಇಷ್ಟು ಸಾಮಗ್ರಿ ಸಿದ್ಧವಾಗಿತ್ತೆಂಬುದನ್ನು ನಾವು ನೆನಪಿನಲ್ಲಿಡಬೇಕು. ಅವನು ಯಾವುದನ್ನು ಬಳಸಿಕೊಳ್ಳಲಿಲ್ಲ ಎಂಬುದು, ಬಳಸಿಕೊಂಡದ್ದರಷ್ಟೇ ಮುಖ್ಯ.

‘ಇನ್ಫರ್ನೊ’ದ ನಾಲ್ಕನೆಯ ಸರ್ಗದಲ್ಲಿ ಡಾಂಟೆ ತನ್ನ ಮಾರ್ಗದರ್ಶಿಯಾದ ರೋಮನ್ ಕವಿ ವರ್ಜಿಲ್‌ನೊಂದಿಗೆ ಲಿಂಬೊಕ್ಕೆ ಇಳಿಯುತ್ತಾನೆ. ಅಲ್ಲಿ ಅಳು ಇಲ್ಲ. ಗಾಳಿಯನ್ನು ನಡುಗಿಸುವ ನಿಟ್ಟುಸಿರು ಮಾತ್ರ. ಇವರು ಪಾಪ ಮಾಡಿದವರಲ್ಲ, ಪುಣ್ಯವಿದ್ದರೂ ಅದು ಸಾಲದು, ಏಕೆಂದರೆ ಇವರಿಗೆ ದೀಕ್ಷಾಸ್ನಾನವಾಗಿಲ್ಲ ಎಂದು ವರ್ಜಿಲ್ ವಿವರಿಸುತ್ತಾನೆ. ಆ ಸ್ನಾನವು ನೀನು ನಂಬುವ ವಿಶ್ವಾಸದ ಬಾಗಿಲು ಎಂಬುದು ಪ್ರಚಲಿತ ಆವೃತ್ತಿಗಳ ಪಾಠ. ಹಳೆಯ ಹಸ್ತಪ್ರತಿಗಳಲ್ಲಿ ‘ಬಾಗಿಲು’ ಎಂಬುದರ ಬದಲು ‘ಭಾಗ’ ಎಂಬರ್ಥದ ಪಾಠವೂ ಕಾಣುತ್ತದೆ. ಇಟಾಲಿಯನ್ನಿನಲ್ಲಿ ಎರಡು ಪದಗಳಿಗೂ ಅಕ್ಷರವೆರಡರ ಅಂತರ. ಭಾಗವಾದರೆ ಅದಿಲ್ಲದೆಯೂ ಉಳಿದದ್ದು ಉಳಿದೀತು. ಬಾಗಿಲಾದರೆ ಅದಿಲ್ಲದೆ ಒಳಗೆ ಹೋಗುವ ಮಾತೇ ಇಲ್ಲ. ಸಂಪಾದಕರು ಬಾಗಿಲನ್ನು ಆಯ್ದುಕೊಂಡದ್ದು ಸರಿಯೆಂದೇ ನನ್ನ ಅಭಿಪ್ರಾಯ. ಮುಂದಿನ ಕಾವ್ಯವೆಲ್ಲ ಆ ಬಾಗಿಲಿನ ಸುತ್ತಲೇ ಸುಳಿಯುತ್ತದೆ. ಈ ನಿಯಮವನ್ನು ಡಾಂಟೆ ಯಾವ ಸಂತನ ಬಾಯಲ್ಲೂ ಹೇಳಿಸದೆ, ಅದರಿಂದ ಹೊರಗುಳಿದ ವರ್ಜಿಲ್‌ನ ಬಾಯಲ್ಲೇ ಹೇಳಿಸುತ್ತಾನೆ. ಇವರಲ್ಲಿ ನಾನೂ ಒಬ್ಬ ಎಂಬುದನ್ನು ವರ್ಜಿಲ್ ದೂರದೆ, ದುಃಖವನ್ನು ಬಿಚ್ಚಿಡದೆ ಸೇರಿಸುತ್ತಾನೆ.

ಇಲ್ಲಿ ಕವಿ ಶಾಸ್ತ್ರವನ್ನು ಮೀರಿದ್ದಾನೆ ಎಂಬುದನ್ನೂ ಗಮನಿಸಬೇಕು. ಪಂಡಿತರ ಲಿಂಬೊದಲ್ಲಿ ಇದ್ದವರು ಶಿಶುಗಳು ಮತ್ತು ಕ್ರಿಸ್ತನಿಗಾಗಿ ಕಾದಿದ್ದು ಬಿಡುಗಡೆ ಹೊಂದಿದ ಹಳೆಯ ಒಡಂಬಡಿಕೆಯ ಹಿರಿಯರು. ಡಾಂಟೆ ಅಲ್ಲಿ ಏಳು ಗೋಡೆಗಳ ಕೋಟೆ ಕಟ್ಟಿ, ಬೆಳಕು ಹಚ್ಚಿ, ಅರಿಸ್ಟಾಟಲ್, ಸಾಕ್ರಟೀಸ್, ಪ್ಲೇಟೊ ಮೊದಲಾದ ವಯಸ್ಕರನ್ನು ತಂದು ಕೂರಿಸುತ್ತಾನೆ. ಅವರೊಂದಿಗೆ ಅವಿಸೆನ್ನ, ಅವೆರೋಸ್, ಸಲಾದಿನ್ ಇದ್ದಾರೆ; ಈ ಮೂವರು ಕ್ರಿಸ್ತನ ಹೆಸರನ್ನು ಚೆನ್ನಾಗಿ ಬಲ್ಲವರು. ಹೋಮರ್, ಹೊರೇಸ್, ಓವಿಡ್, ಲ್ಯೂಕನ್, ವರ್ಜಿಲ್ ಎಂಬ ಐವರು ಕವಿಗಳು ಡಾಂಟೆಯನ್ನು ಆರನೆಯವನಾಗಿ ತಮ್ಮ ಬಳಗಕ್ಕೆ ಸೇರಿಸಿಕೊಳ್ಳುತ್ತಾರೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನ ಆರಂಭದಲ್ಲಿ ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್‌ರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ವಂದಿಸಿರುವುದು ಕನ್ನಡ ಓದುಗರಿಗೆ ನೆನಪಾಗದಿರದು. ಕನ್ನಡದ ಕವಿಗೆ ಆ ಸಾಲಿನ ನಡುವೆ ಗೋಡೆ ಕಾಣಲಿಲ್ಲ. ಡಾಂಟೆ ಗೋಡೆಯನ್ನು ಉಳಿಸಿಕೊಂಡೇ ಸಾಲನ್ನು ಸೇರಿದ.

ಸಿಂಧೂತೀರದ ಪ್ರಶ್ನೆಗೆ ಮರಳೋಣ. ಗುರುಗ್ರಹದ ಸ್ವರ್ಗದಲ್ಲಿ ನ್ಯಾಯವಂತ ಅರಸರ ಆತ್ಮಗಳು ಸೇರಿ ಒಂದು ಗರುಡನ ಆಕಾರ ತಾಳಿ ಒಂದೇ ದನಿಯಲ್ಲಿ ಮಾತನಾಡುತ್ತವೆ. ಪ್ರಶ್ನೆ ಡಾಂಟೆಯದಾದರೂ ಅದನ್ನು ನುಡಿಯುವುದು ಆ ಗರುಡ. ಬಹುಕಾಲದಿಂದ ತನ್ನೊಳಗೆ ಹಸಿವಿನಂತೆ ಉಳಿದ ಸಂದೇಹವಿದೆಂದು ಕವಿ ಒಪ್ಪಿಕೊಂಡಿದ್ದಾನೆ. ಉತ್ತರ ಗದರಿಕೆಯ ರೂಪದಲ್ಲಿ ಬರುತ್ತದೆ. ಗೇಣುದ್ದ ಕಾಣುವ ಕಣ್ಣಿನಿಂದ ಸಾವಿರ ಮೈಲಿ ದೂರದ್ದನ್ನು ತೀರ್ಮಾನಿಸಲು ನ್ಯಾಯಪೀಠ ಏರಿರುವ ನೀನು ಯಾರು ಎಂಬುದು ಅದರ ಭಾವ. ಕ್ರಿಸ್ತನಲ್ಲಿ ವಿಶ್ವಾಸವಿಡದ ಯಾರೂ, ಆತ ಶಿಲುಬೆಗೇರುವ ಮುನ್ನವಾಗಲಿ ಅನಂತರವಾಗಲಿ, ಈ ಲೋಕಕ್ಕೆ ಏರಿಲ್ಲವೆಂದು ಗರುಡ ಖಚಿತವಾಗಿ ಸಾರುತ್ತದೆ. ಆದರೆ ಒಡನೆಯೇ, ಕ್ರಿಸ್ತನ ಹೆಸರನ್ನು ಕೂಗುವ ಎಷ್ಟೋ ಜನ ಅಂತಿಮ ತೀರ್ಪಿನಲ್ಲಿ ಕ್ರಿಸ್ತನನ್ನೇ ಅರಿಯದವನಿಗಿಂತ ಅವನಿಂದ ದೂರವಿರುತ್ತಾರೆ ಎಂದು ಸೇರಿಸಿ, ಯೂರೋಪಿನ ಕ್ರೈಸ್ತ ಅರಸರ ದುಷ್ಕೃತ್ಯಗಳ ಪಟ್ಟಿಯನ್ನೇ ಬಿಚ್ಚಿಡುತ್ತದೆ.

ಡಾಂಟೆ ವಿಮರ್ಶೆಯಲ್ಲಿ ಈ ಭಾಗದ ಬಗ್ಗೆ ಎರಡು ಒಲವುಗಳಿವೆ. ಒಂದು, ಕವಿ ಸಭೆಯ ಸಿದ್ಧಾಂತವನ್ನು ಪದ್ಯವಾಗಿಸಿದ, ಅಷ್ಟೆ. ಇನ್ನೊಂದು, ಕವಿ ಒಳಗೊಳಗೇ ಉದಾರಿ. ಅರಸರ ಪಟ್ಟಿಯ ಮೂಲಕ ಅವನು ಸ್ನಾನದ ನಿಯಮವನ್ನೇ ಸಡಿಲಗೊಳಿಸಿದ. ಎರಡನ್ನೂ ಒಪ್ಪುವುದು ಕಷ್ಟ. ಸಿದ್ಧಾಂತವನ್ನಷ್ಟೇ ಹೇಳುವುದಾಗಿದ್ದರೆ ಅಕ್ವಿನಾಸನ ಕಾಡಿನ ಮನುಷ್ಯನ ಸಮಾಧಾನ ಕೈಯಳತೆಯಲ್ಲೇ ಇತ್ತು. ದೇವರು ಸಿಂಧೂತೀರಕ್ಕೂ ಒಬ್ಬ ಬೋಧಕನನ್ನು ಕಳುಹಿಸುತ್ತಾನೆಂದು ಗರುಡ ಒಂದು ಮಾತು ಹೇಳಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತಿತ್ತು. ಗರುಡ ಆ ಮಾತನ್ನು ಹೇಳುವುದಿಲ್ಲ. ಇನ್ನು ಉದಾರವಾದಿಗಳ ಮಾತು: ಕೆಟ್ಟ ಕ್ರೈಸ್ತರಿಗೆ ನರಕವೆಂಬುದರಿಂದ ಒಳ್ಳೆಯ ಅಕ್ರೈಸ್ತನಿಗೆ ಸ್ವರ್ಗವೆಂಬುದು ಸಿದ್ಧವಾಗುವುದಿಲ್ಲ. ಸಿಂಧೂತೀರದವನು ಹತ್ತಿರ ಬರಬಲ್ಲ. ಒಳಗೆ ಬಂದನೆಂದು ಕಾವ್ಯ ಎಲ್ಲಿಯೂ ಹೇಳಿಲ್ಲ.

ಮಹಾಕಾವ್ಯದಲ್ಲಿ ನಮ್ಮ ನೆಲದ ಉಲ್ಲೇಖ ಬಂದಿತೆಂದು ಹಿಗ್ಗಬೇಕಾಗಿಯೂ ಇಲ್ಲ. ಲಿಂಬೊದ ಗ್ರೀಕರಿಗೆ, ಅರಬರಿಗೆ ಹೆಸರುಗಳಿವೆ. ಸಿಂಧೂತೀರದವನಿಗೆ ಹೆಸರಿಲ್ಲ, ಭಾಷೆಯಿಲ್ಲ, ದೇವರಿಲ್ಲ. ಅವನ ಊರನ್ನು ವರ್ಣಿಸುವ ಮಾತುಗಳೆಲ್ಲ ‘ಇಲ್ಲ’ಗಳೇ. ಮಧ್ಯಯುಗದ ಯೂರೋಪಿಗೆ ಹಿಂದೂದೇಶವೆಂದರೆ ಭೂಮಿಯ ಪೂರ್ವದ ಅಂಚು. ಕ್ರಿಸ್ತನ ಸುದ್ದಿ ಮುಟ್ಟದ ಸ್ಥಳಕ್ಕೆ ಅದು ಒಂದು ಸಂಕೇತ. ವಸ್ತುಸ್ಥಿತಿ ಹಾಗಿರಲಿಲ್ಲ. ಮಲಬಾರಿನಲ್ಲಿ ಕ್ರೈಸ್ತ ಸಮುದಾಯ ಶತಮಾನಗಳಿಂದ ಇತ್ತು. ಅಪೊಸ್ತಲ ತೋಮನ ಸಮಾಧಿ ಭಾರತದಲ್ಲಿದೆಯೆಂಬುದನ್ನು ಮಾರ್ಕೊ ಪೋಲೊ ಡಾಂಟೆಯ ಕಾಲದಲ್ಲೇ ಇಟಲಿಗೆ ತಿಳಿಸಿದ್ದ. ಡಾಂಟೆ ಸತ್ತ 1321ರಲ್ಲಿಯೇ, ಮುಂಬಯಿ ಸಮೀಪದ ಠಾಣೆಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಹತರಾದರು. ಅವರೊಂದಿಗೆ ಬಂದಿದ್ದ ಜೋರ್ಡಾನಸ್ ಎಂಬ ಪಾದ್ರಿ 1329ರಲ್ಲಿ ಕೊಲ್ಲಂನ ಬಿಷಪ್ ಆಗಿ ನೇಮಕಗೊಂಡ.

ಈ ಸರ್ಗವನ್ನು ಸ್ನಾತಕೋತ್ತರ ತರಗತಿಯಲ್ಲಿ ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿ, “ಸರ್, ಆ ಮನುಷ್ಯ ಅಂದರೆ ನಾವೇ ಅಲ್ಲವೇ?” ಎಂದು ಕೇಳಿದ. ಹೌದೆಂದು ಹೇಳಿ ಮುಂದುವರಿದೆ. ಮನೆಗೆ ಬಂದ ಮೇಲೆ ಆ ಉತ್ತರ ತಪ್ಪೆನಿಸಿತು. ಸಿಂಧೂತೀರದವನು ಕೇಳದವನು, ನಾವು ಕೇಳಿದವರು. ಸುವಾರ್ತೆ ಕನ್ನಡದಲ್ಲಿ ಅಚ್ಚಾಗಿ ಸುಮಾರು ಎರಡು ಶತಮಾನಗಳೇ ಆಗಿವೆ. ಕೇಳಿಯೂ ತನ್ನ ದಾರಿಯಲ್ಲಿ ಉಳಿದ ಅಕ್ರೈಸ್ತ ಕನ್ನಡ ಓದುಗನ ಸ್ಥಾನ ಆ ನದಿಯ ದಡದಲ್ಲಿಲ್ಲ. ಏಳು ಗೋಡೆಗಳ ಕೋಟೆಯಲ್ಲಿ, ಅವಿಸೆನ್ನನ ಪಕ್ಕದಲ್ಲಿದೆ. ಆ ವರ್ಗದವರ ಪರವಾಗಿ ಕಾವ್ಯದಲ್ಲಿ ಯಾರೂ ಪ್ರಶ್ನೆ ಎತ್ತುವುದಿಲ್ಲ. ಕವಿ ಅವರಿಗೆ ಗೌರವದ ಆಸನ ಕೊಟ್ಟು ಸುಮ್ಮನಾಗುತ್ತಾನೆ.

ಇಪ್ಪತ್ತನೆಯ ಸರ್ಗದಲ್ಲಿ ಅನಿರೀಕ್ಷಿತವಾದದ್ದು ನಡೆಯುತ್ತದೆ. ಗರುಡನ ಕಣ್ಣಿನ ಸುತ್ತ ಹೊಳೆಯುವ ಆತ್ಮಗಳಲ್ಲಿ ಇಬ್ಬರು ಅಕ್ರೈಸ್ತರಿದ್ದಾರೆ: ರೋಮನ್ ಚಕ್ರವರ್ತಿ ಟ್ರಾಜನ್ ಮತ್ತು ಟ್ರಾಯ್ ನಗರದ ರಿಫಿಯಸ್. ಟ್ರಾಜನ್ ಪೋಪ್ ಗ್ರೆಗರಿಯ ಪ್ರಾರ್ಥನೆಯಿಂದ ಮತ್ತೆ ದೇಹಕ್ಕೆ ಮರಳಿ, ನಂಬಿ, ಎರಡನೆಯ ಬಾರಿ ಸತ್ತನೆಂಬುದು ಆ ಕಾಲದಲ್ಲಿ ಪ್ರಚಾರದಲ್ಲಿದ್ದ ಐತಿಹ್ಯ. ರಿಫಿಯಸ್‌ನ ಬಗ್ಗೆ ಅಂಥ ಐತಿಹ್ಯವೇನೂ ಇಲ್ಲ. ಅವನನ್ನು ಸ್ವರ್ಗಕ್ಕೇರಿಸಿದ್ದು ಡಾಂಟೆಯ ಸ್ವಂತ ಕಲ್ಪನೆ. ದೇವರು ಅವನಿಗೆ ಮುಂದೆ ಬರಲಿದ್ದ ವಿಮೋಚನೆಯನ್ನು ಮುಂಚಿತವಾಗಿಯೇ ಕಾಣಿಸಿದ; ದೀಕ್ಷಾಸ್ನಾನ ಹುಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷಗಳ ಮೊದಲೇ ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂವರು ಸ್ತ್ರೀಯರು ಅವನಿಗೆ ಸ್ನಾನದ ಸ್ಥಾನದಲ್ಲಿ ನಿಂತರು ಎಂದು ಕಾವ್ಯ ಹೇಳುತ್ತದೆ. ಇದನ್ನು ನಿಯಮದ ಸಡಿಲಿಕೆ ಎಂದು ಕರೆಯಲಾಗದು. ಸ್ನಾನದ ಸ್ಥಾನ ಖಾಲಿಯಾಗಿಲ್ಲ. ಬೇರೆಯವರು ಅಲ್ಲಿ ನಿಂತಿದ್ದಾರೆ. ಬಾಗಿಲು ಬಾಗಿಲಾಗಿಯೇ ಇದೆ.

ರಿಫಿಯಸ್ ಯಾರು? ವರ್ಜಿಲ್‌ನ ‘ಈನಿಯಡ್’ ಕಾವ್ಯದ ಎರಡನೆಯ ಭಾಗದಲ್ಲಿ ಕೆಲವೇ ಸಾಲುಗಳಲ್ಲಿ ಬಂದು ಸಾಯುವ ಒಬ್ಬ ಯೋಧ. ಟ್ರಾಯ್‌ನವರಲ್ಲೆಲ್ಲ ಅತ್ಯಂತ ನ್ಯಾಯವಂತನಾಗಿದ್ದರೂ ದೇವತೆಗಳು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬ ವಿಷಾದವನ್ನು ವರ್ಜಿಲ್ ಅವನ ಸಾವಿನೊಂದಿಗೆ ಇಟ್ಟಿದ್ದಾನೆ. ಡಾಂಟೆ ಆ ವಿಷಾದವನ್ನು ಹಿಡಿದು ತಿರುಗಿಸಿದ: ನಿಜವಾದ ದೇವರು ಲೆಕ್ಕಕ್ಕೆ ಹಿಡಿದ. ಪರಿಣಾಮವಾಗಿ, ವರ್ಜಿಲ್ ಸೃಷ್ಟಿಸಿದ ಪಾತ್ರ ಸ್ವರ್ಗದಲ್ಲಿದೆ, ಸೃಷ್ಟಿಸಿದ ವರ್ಜಿಲ್ ಲಿಂಬೊದಲ್ಲಿದ್ದಾನೆ. ‘ಪರ್ಗಟೋರಿಯೊ’ದ ಇಪ್ಪತ್ತೆರಡನೆಯ ಸರ್ಗದಲ್ಲಿ ಬರುವ ಸ್ಟೇಷಿಯಸ್ ಎಂಬ ಕವಿಯ ಕಥೆಯೂ ಇದೇ ಬಗೆಯದು. ವರ್ಜಿಲ್‌ನ ಪದ್ಯ ಓದಿ ತಾನು ಕ್ರೈಸ್ತನಾದೆನೆಂದೂ, ಗುಟ್ಟಾಗಿ ದೀಕ್ಷಾಸ್ನಾನ ಪಡೆದು ಭಯದಿಂದ ಅದನ್ನು ಮುಚ್ಚಿಟ್ಟೆನೆಂದೂ ಸ್ಟೇಷಿಯಸ್ ಹೇಳಿಕೊಳ್ಳುತ್ತಾನೆ. ಇತಿಹಾಸದಲ್ಲಿ ಇದಕ್ಕೆ ಆಧಾರವಿಲ್ಲ. ಇರುಳಲ್ಲಿ ದೀಪವನ್ನು ಬೆನ್ನ ಹಿಂದೆ ಹಿಡಿದು ನಡೆದು, ಹಿಂದೆ ಬರುವವರಿಗೆ ದಾರಿ ತೋರಿ ತಾನು ಮಾತ್ರ ಕತ್ತಲಲ್ಲಿ ನಡೆದವನೆಂದು ಅವನು ವರ್ಜಿಲ್‌ನನ್ನು ಬಣ್ಣಿಸುತ್ತಾನೆ. ಅಳುಕಿನ ಕವಿಗೆ ನೀರು ಸಿಕ್ಕಿತು, ರಕ್ಷಣೆಯೂ ಸಿಕ್ಕಿತು.

ವರ್ಜಿಲ್‌ನನ್ನು ಉಳಿಸಲು ಡಾಂಟೆಗೆ ಉಪಾಯಗಳ ಕೊರತೆಯಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ. ಮಧ್ಯಯುಗದ ಅನೇಕರು ವರ್ಜಿಲ್‌ನ ನಾಲ್ಕನೆಯ ಗೋಪಗೀತೆಯಲ್ಲಿ ಕ್ರಿಸ್ತನ ಜನನದ ಮುನ್ಸೂಚನೆಯನ್ನು ಕಂಡವರು; ಸ್ಟೇಷಿಯಸ್ ಮನಸೋತದ್ದೂ ಆ ಪದ್ಯಕ್ಕೇ. ರಿಫಿಯಸ್‌ನಿಗೆ ಕೊಟ್ಟ ಮೂವರು ಸ್ತ್ರೀಯರನ್ನು ಗುರುವಿಗೆ ಕೊಡಲು ಕವಿಗೆ ಅಡ್ಡಿ ಏನಿತ್ತು? ಉಪಾಯವಿದ್ದೂ ಬಳಸದಿರುವುದು ಇಲ್ಲಿ ಅರ್ಥಪೂರ್ಣ. ನಿಯಮ ಎಷ್ಟು ದುಬಾರಿಯೆಂಬುದನ್ನು ತೋರಿಸಲು ಒಬ್ಬನಾದರೂ ಹೊರಗುಳಿಯಬೇಕಿತ್ತು. ಆ ಒಬ್ಬ ಓದುಗನಿಗೆ ಅಪರಿಚಿತನಾಗಿದ್ದರೆ ಬೆಲೆ ತಿಳಿಯುತ್ತಿರಲಿಲ್ಲ. ಅರುವತ್ತಕ್ಕೂ ಹೆಚ್ಚು ಸರ್ಗಗಳ ಕಾಲ ಕೈಹಿಡಿದು ನಡೆಸಿದವನನ್ನೇ ಕವಿ ಹೊರಗಿಟ್ಟ. ನಮಗೆ ಸಿಂಧೂತೀರದವನಿಗಾಗಿ ಕಣ್ಣೀರು ಬರುವುದಿಲ್ಲ, ಅವನೊಂದು ಉದಾಹರಣೆ. ವರ್ಜಿಲ್ ಉದಾಹರಣೆಯಲ್ಲ.

ಶಿಶುಗಳ ವಿಷಯದಲ್ಲಿ ಕವಿ ಇಷ್ಟು ತೊಳಲಾಡಿಲ್ಲ. ‘ಪ್ಯಾರಡೈಸೊ’ದ ಮೂವತ್ತೆರಡನೆಯ ಸರ್ಗದಲ್ಲಿ, ಕೃಪೆಯ ಕಾಲ ಬಂದ ಮೇಲೆ ಕ್ರಿಸ್ತನ ಪೂರ್ಣ ಸ್ನಾನವಿಲ್ಲದ ಮುಗ್ಧತೆಯನ್ನು ಕೆಳಗೇ ತಡೆಹಿಡಿಯಲಾಗುತ್ತದೆ ಎಂದು ಸಂತ ಬರ್ನಾರ್ಡ್ ನಾಲ್ಕು ಮಾತಿನಲ್ಲಿ ಮುಗಿಸುತ್ತಾನೆ. ಕಾವ್ಯದ ಅತ್ಯಂತ ಬಡವಾದ ಜಾಗಗಳಲ್ಲಿ ಇದು ಒಂದು ಎಂದು ಹೇಳಲು ನನಗೆ ಸಂಕೋಚವಿಲ್ಲ. ಆ ನಾಲ್ಕು ಮಾತು ಮನೆಗಳಲ್ಲಿ ಏನಾಗಿತ್ತೆಂಬುದಕ್ಕೆ ಸಾಕ್ಷಿ ಬೇರೆಡೆ ಇದೆ. ಸ್ವಿಟ್ಜರ್ಲೆಂಡಿನ ಓಬರ್‌ಬ್ಯೂರೆನ್ ಎಂಬ ಯಾತ್ರಾಸ್ಥಳಕ್ಕೆ ಹದಿನೈದನೆಯ ಶತಮಾನದಲ್ಲಿ ಜನರು ಸತ್ತು ಹುಟ್ಟಿದ ಕೂಸುಗಳನ್ನು ಹೊತ್ತು ತರುತ್ತಿದ್ದರು. ಕೆಂಡ, ಮೇಣದಬತ್ತಿಗಳ ನಡುವೆ ದೇಹವನ್ನು ಬೆಚ್ಚಗಾಗಿಸಿ, ತುಟಿಯ ಮೇಲೆ ಗರಿಯೊಂದನ್ನು ಇಡುತ್ತಿದ್ದರು. ಬಿಸಿಗಾಳಿಗೆ ಗರಿ ಅಲುಗಿದರೆ ಉಸಿರು ಬಂದಿತೆಂದು ಬಗೆದು ಆ ಕ್ಷಣದಲ್ಲಿ ಸ್ನಾನ ಮಾಡಿಸಿ ಮಣ್ಣು ಮಾಡುತ್ತಿದ್ದರು. 1528ರಲ್ಲಿ ಸುಧಾರಣಾಪಂಥದವರು ಆ ಸ್ಥಳವನ್ನು ನಾಶಪಡಿಸಿದರು. 1990ರ ದಶಕದ ಉತ್ಖನನದಲ್ಲಿ ಅಲ್ಲಿ ಇನ್ನೂರಕ್ಕೂ ಹೆಚ್ಚು ಕೂಸುಗಳ ಅಸ್ಥಿಗಳು ದೊರೆತವು. ಐರ್ಲೆಂಡಿನಲ್ಲಿ ಸ್ನಾನವಾಗದ ಶಿಶುಗಳನ್ನು ಪವಿತ್ರೀಕರಿಸದ ನೆಲದಲ್ಲಿ, ಬೇಲಿಯಂಚಿನಲ್ಲಿ ಹೂಳುವ ಪದ್ಧತಿ ಇಪ್ಪತ್ತನೆಯ ಶತಮಾನದವರೆಗೂ ಇತ್ತು.

ಸಭೆಯ ಮುಂದಿನ ನಡೆಯನ್ನು ಚುಟುಕಾಗಿ ಹೇಳಬಹುದು. ಟ್ರೆಂಟ್ ಮಹಾಸಭೆ 1547ರಲ್ಲಿ ಸ್ನಾನ ಅನಿವಾರ್ಯವೆಂದು ವಿಧಿಸುತ್ತಲೇ ಅದರ ಬಯಕೆಗೂ ಎಡೆ ಮಾಡಿಕೊಟ್ಟಿತು. ಪ್ರಾಟೆಸ್ಟಂಟರು ಒಂದೇ ಮಾತಿನವರಾಗಲಿಲ್ಲ. ಲೂಥರ್ ಸ್ನಾನವನ್ನು ಬಿಗಿಯಾಗಿ ಹಿಡಿದುಕೊಂಡ; ಸಾಯುವ ಕೂಸಿಗೆ ಸೂಲಗಿತ್ತಿ ತರಾತುರಿಯಲ್ಲಿ ಸ್ನಾನ ಮಾಡಿಸುವುದನ್ನು ಕ್ಯಾಲ್ವಿನ್ ನಿರಾಕರಿಸಿದ; ಕ್ವೇಕರರು ನೀರನ್ನೇ ಬಿಟ್ಟರು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ತನ್ನ ದಸ್ತಾವೇಜಿನಲ್ಲಿ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸುವವರಿಗೂ ರಕ್ಷಣೆ ಸಾಧ್ಯವೆಂದಿತು. ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವತಾಶಾಸ್ತ್ರ ಆಯೋಗ 2007ರಲ್ಲಿ, ಸ್ನಾನವಿಲ್ಲದೆ ಸತ್ತ ಶಿಶುಗಳ ರಕ್ಷಣೆಗಾಗಿ ಆಶಿಸಲು ಗಂಭೀರ ಆಧಾರಗಳಿವೆಯೆಂಬ ನಿಲುವಿಗೆ ಬಂದಿತು. ಇದು ನಿಶ್ಚಿತ ಜ್ಞಾನವೆಂದು ಅದು ಹೇಳಲಿಲ್ಲ, ಆಶೆ ಎಂದಿತು. ಇಪ್ಪತ್ತನೆಯ ಸರ್ಗದ ಕೊನೆಯಲ್ಲಿ ಡಾಂಟೆಯ ಗರುಡವೂ ಹೀಗೆಯೇ ತಗ್ಗುತ್ತದೆ. ದೇವರನ್ನು ನೇರ ಕಾಣುವ ನಮಗೂ ಆಯ್ಕೆಯಾದವರೆಲ್ಲ ಯಾರೆಂದು ಇನ್ನೂ ತಿಳಿದಿಲ್ಲ, ಆ ತಿಳಿಯದಿರುವುದೇ ನಮಗೆ ಸಿಹಿ ಎಂಬುದು ಅದರ ನಿವೇದನೆ. ಹತ್ತೊಂಬತ್ತನೆಯ ಸರ್ಗದಲ್ಲಿ ಗದರಿದ ದನಿ ಇದೇ ಎಂದು ನಂಬುವುದು ಕಷ್ಟ.

ಡಾಂಟೆಗೆ ಸ್ನಾನವಾದದ್ದು ಫ್ಲಾರೆನ್ಸಿನ ಸಂತ ಜಿಯೊವಾನ್ನಿ ಸ್ನಾನಮಂದಿರದಲ್ಲಿ. ನಗರದ ಮಕ್ಕಳೆಲ್ಲರಿಗೂ ಅದೇ ಕಟ್ಟಡ. ಅಲ್ಲಿ ನೀರು ಮುಟ್ಟಿದವನು ಕ್ರೈಸ್ತನೂ ಆಗುತ್ತಿದ್ದ, ಫ್ಲಾರೆನ್ಸಿನವನೂ ಆಗುತ್ತಿದ್ದ. 1302ರಲ್ಲಿ ಆ ನಗರ ಅವನನ್ನು ಗಡೀಪಾರು ಮಾಡಿ, ಮರಳಿ ಬಂದರೆ ಸುಡುವುದಾಗಿ ಶಿಕ್ಷೆ ವಿಧಿಸಿತು. ‘ಪ್ಯಾರಡೈಸೊ’ದ ಇಪ್ಪತ್ತೈದನೆಯ ಸರ್ಗದ ಆರಂಭದಲ್ಲಿ ಅವನು ತನ್ನ ಆಸೆಯೊಂದನ್ನು ಬರೆದಿದ್ದಾನೆ: ಈ ಕಾವ್ಯ ಎಂದಾದರೂ ನಗರದ ಕ್ರೌರ್ಯವನ್ನು ಗೆದ್ದರೆ, ಅದೇ ಸ್ನಾನತೊಟ್ಟಿಯ ಬಳಿ ಕವಿಯ ಕಿರೀಟವನ್ನು ಧರಿಸಬೇಕು. 1321ರ ಸೆಪ್ಟೆಂಬರಿನಲ್ಲಿ ಅವನು ರವೆನ್ನಾದಲ್ಲಿ ತೀರಿಕೊಂಡ. ಫ್ಲಾರೆನ್ಸ್ ಅವನ ಅಸ್ಥಿಗಳನ್ನು ಅನಂತರ ಹಲವು ಬಾರಿ ಕೇಳಿತು, ರವೆನ್ನಾ ಕೊಡಲ��ಲ್ಲ.